ಮೈಸೂರಿನ ಊದುಬತ್ತಿಗೆ ಸಿಂಗಪುರದಲ್ಲೇನು ಕೆಲಸ?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಊದುಬತ್ತಿ ಘಟಕ. ಅಪ್ಪ ಶುರು ಮಾಡಿದ್ದು. ಈಗ ನಾನು ಮತ್ತು ಅಣ್ಣ ಪಾರ್ಟ್‌ನರ್‌ಶಿಪ್‌ನಲ್ಲಿ ನಡೆಸುತ್ತಿದ್ದೇವೆ. ನಲವತ್ತು ಜನ ಕೆಲಸಕ್ಕಿದ್ದಾರೆ. ಚೆನ್ನೈನ ರಫ್ತುದಾರರೊಬ್ಬರ ಮೂಲಕ ನಮ್ಮ ಮಾಲು ಮಲೇಷ್ಯಾ, ಸಿಂಗಪುರಕ್ಕೆ ಹೋಗುತ್ತದೆ. ಮೊನ್ನೆ ಒಬ್ಬ ಕನ್ಸಲ್ಟೆಂಟ್ ಬಂದು, ‘ಸಿಂಗಪುರದಲ್ಲಿ ಒಂದು ಕಂಪನಿ ಮಾಡಿ, ಒಂದೇ ದಿನದಲ್ಲಿ ಆಗುತ್ತದೆ, ತೆರಿಗೆ ಉಳಿಯುತ್ತದೆ’ ಎಂದರು. ನಮ್ಮಂಥ ಚಿಕ್ಕವರಿಗೆ ಇದು ಬೇಕಾ? ಅಣ್ಣನ ಮಗಳು ಎಂಬಿಎ ಮುಗಿಸಿದ್ದಾಳೆ. ಅಲ್ಲಿಗೆ ಹೋಗಿ ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ.

ಉತ್ತರ: ನಿಮ್ಮ ಕನ್ಸಲ್ಟೆಂಟ್ ಹೇಳಿದ್ದರಲ್ಲಿ ಒಂದು ಮಾತು ನಿಜ. ಸಿಂಗಪುರದಲ್ಲಿ ಕಂಪನಿ ನೋಂದಣಿ ಹೆಚ್ಚುಕಮ್ಮಿ ಒಂದು ದಿನದ ಕೆಲಸವೇ. ಆಕ್ರಾ ಅನ್ನುವ ಸರ್ಕಾರಿ ಸಂಸ್ಥೆ ಅದನ್ನು ಮಾಡುತ್ತದೆ. ಹೆಸರಿಗೆ 15 ಸಿಂಗಪುರ ಡಾಲರ್, ನೋಂದಣಿಗೆ 300 ಡಾಲರ್ ಶುಲ್ಕ. ಬಂಡವಾಳ ಒಂದೇ ಒಂದು ಡಾಲರ್ ತೋರಿಸಿದರೂ ನಡೆಯುತ್ತದೆ. ಇಷ್ಟು ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಬಾಗಿಲು ತೆರೆದಿದೆ ಅಂತ ಯಾರ ಮನೆಗೂ ಸುಮ್ನೆ ನುಗ್ಗುವುದಿಲ್ಲ, ಅಲ್ವಾ? ಅಲ್ಲಿ ನಮಗೇನು ಕೆಲಸ ಅಂತ ಮೊದಲು ನೋಡೋಣ.

ನಿಮಗೆ ಅಲ್ಲಿ ಕೆಲಸ ಇದೆ ಅಂತಲೇ ನನ್ನ ಅಭಿಪ್ರಾಯ. ಕಂಟೇನರ್ ಒಡೆಯುವ ಕೆಲಸ. ತೆರಿಗೆಯ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಗಿರಾಕಿಗಳು ಯಾರು ಅಂತ ಒಮ್ಮೆ ಯೋಚಿಸಿ. ಮಲೇಷ್ಯಾದ ಜೊಹೊರ್ ಬಾರುವಿನಲ್ಲೊಂದು ಪೂಜಾ ಸಾಮಾನಿನ ಅಂಗಡಿ. ಪೆನಾಂಗ್‌ನಲ್ಲಿ ಇನ್ನೊಂದು. ಇಂಡೋನೇಷ್ಯಾದ ಮೆಡಾನ್‌ನಲ್ಲಿ ತಮಿಳರ ಕಿರಾಣಿ, ಬಾಲಿಯಲ್ಲಿ ಮಸಾಜ್ ಪಾರ್ಲರ್‌ಗಳಿಗೆ ಸುಗಂಧದ ಸಾಮಾನು ಕೊಡುವವನು. ಇವರಲ್ಲಿ ಯಾರಿಗೂ ಒಂದು ಪೂರ್ತಿ ಕಂಟೇನರ್ ಬೇಡ. ಒಬ್ಬನಿಗೆ ಹತ್ತು ಕಾರ್ಟನ್ ಸಾಕು, ಇನ್ನೊಬ್ಬನಿಗೆ ಮೂವತ್ತು. ಹತ್ತು ಕಾರ್ಟನ್ನನ್ನು ಮೈಸೂರಿನಿಂದ ಕಳಿಸಿದರೆ ಸಾಗಣೆ, ಕ್ಲಿಯರಿಂಗ್, ಕಾಗದಪತ್ರದ ಖರ್ಚೇ ಮಾಲಿನ ಬೆಲೆಗೆ ಹತ್ತಿರ ಬರುತ್ತದೆ. ಅದಕ್ಕೇ ನೀವು ಚೆನ್ನೈನವರಿಗೆ ಕೊಡುತ್ತೀರಿ. ಅವರು ನಿಮ್ಮ ಬತ್ತಿಯ ಜೊತೆ ಇನ್ನೊಬ್ಬರ ಅಪ್ಪಳ, ಮತ್ತೊಬ್ಬರ ಕುಂಕುಮ ಸೇರಿಸಿ ಕಂಟೇನರ್ ತುಂಬಿಸುತ್ತಾರೆ. ಅದಕ್ಕೆ ತಕ್ಕ ಲಾಭ ಇಟ್ಟುಕೊಳ್ಳುತ್ತಾರೆ. ಅದು ತಪ್ಪಲ್ಲ, ಅವರ ವ್ಯಾಪಾರ ಅದೇ. ಆದರೆ ನಿಮ್ಮ ಮಾಲು ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿದೆ ಅನ್ನುವುದು ನಿಮಗೇ ಗೊತ್ತಿರುವುದಿಲ್ಲ.

ದೊಡ್ಡ ಗಂಟನ್ನು ತಂದು, ಬಿಚ್ಚಿ, ಚಿಕ್ಕ ಗಂಟು ಮಾಡಿ ಸುತ್ತಲ ಊರುಗಳಿಗೆ ಹಂಚುವುದೇ ಸಿಂಗಪುರದ ಮೂಲ ಕಸುಬು. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಫಲ್ಸ್ ಅಲ್ಲಿ ವ್ಯಾಪಾರದ ಕೋಠಿ ಹಾಕಿ, ಸುಂಕವಿಲ್ಲದ ಬಂದರು ಅಂತ ಸಾರಿದ ಮೇಲೆ ಇಂಡೋನೇಷ್ಯಾದ ಸುಲಾವೆಸಿ ಕಡೆಯಿಂದ ಬುಗಿಸ್ ವ್ಯಾಪಾರಿಗಳು ಮಾನ್ಸೂನ್ ಗಾಳಿ ಹಿಡಿದು ಬರುತ್ತಿದ್ದರು. ಬಂದು ಮಾಲು ಬದಲಾಯಿಸಿಕೊಂಡು, ಗಾಳಿ ತಿರುಗಿದ ಮೇಲೆ ಹೊರಡುತ್ತಿದ್ದರು. ಗಾಳಿಯ ಜಾಗಕ್ಕೆ ಈಗ ಕ್ರೇನ್ ಬಂದಿದೆ. 2024ರಲ್ಲಿ ಆ ಬಂದರಿನಲ್ಲಿ 4 ಕೋಟಿಗೂ ಮೇಲೆ ಕಂಟೇನರ್ ಹತ್ತಿಳಿದಿವೆ, ಇಪ್ಪತ್ತು ಅಡಿಯ ಲೆಕ್ಕದಲ್ಲಿ. ಶಾಂಘೈ ಬಿಟ್ಟರೆ ಇದೇ ಜಾಸ್ತಿ. ಅದರಲ್ಲಿ ಬಹುಪಾಲು ಸಿಂಗಪುರದವರು ಬಳಸುವ ಮಾಲಲ್ಲ, ಬೇರೆ ಕಡೆಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದದ್ದು.

ಇದು ಚಿಕ್ಕ ವ್ಯಾಪಾರಿಗೆ ಹೇಗೆ ಅನುಕೂಲ ಅನ್ನುವುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ, ಹೂವಿನ ಹಾರದ ಅಂಗಡಿಗಳ ಸಾಲಿನ ಹತ್ತಿರ, ಒಂದು ಪೂಜಾ ಸಾಮಾನಿನ ಅಂಗಡಿಯಲ್ಲಿ ಕಲಿತೆ. ದೀಪಾವಳಿಗೆ ಇನ್ನು ಎರಡು ವಾರ ಇತ್ತು. ರಸ್ತೆ ಮೇಲೆಲ್ಲ ದೀಪದ ಕಮಾನು. ಒಬ್ಬ ಹೆಂಗಸು ಬಂದು ಬೆಂಗಳೂರಿನ ಒಂದು ಬ್ರ್ಯಾಂಡ್ ಹೆಸರು ಹೇಳಿ ಕೇಳಿದರು. ಅಂಗಡಿಯವರು ಕಪಾಟಿನ ಖಾಲಿ ಜಾಗ ತೋರಿಸಿದರು. ಆಕೆ ಪಕ್ಕದ ಪೊಟ್ಟಣ ಎತ್ತಿ, ಮೂಸಿ, ಒಂದು ಗಳಿಗೆ ಯೋಚಿಸಿ, ಅದನ್ನೇ ತೆಗೆದುಕೊಂಡು ಹೋದರು. ನಾನು ಕೇಳಿದ್ದಕ್ಕೆ ಅಂಗಡಿಯವರು ತಮಿಳಿನಲ್ಲಿ ಹೇಳಿದ್ದು ಇಷ್ಟು: ‘ಮುಂದಿನ ಕಂಟೇನರ್ ಹಬ್ಬ ಆದ ಮೇಲೆ ಅಂತಾರೆ ಸಾರ್. ಹಬ್ಬ ಆದ ಮೇಲೆ ನನಗೆ ಯಾಕೆ?’ ಆಮೇಲೆ ಆ ಖಾಲಿ ಜಾಗಕ್ಕೆ ಪಕ್ಕದ ಬ್ರ್ಯಾಂಡಿನ ಪೊಟ್ಟಣಗಳನ್ನು ಸರಿಸಿ ತುಂಬಿದರು. ಬೆಂಗಳೂರಿನವರಿಗೆ ಈ ವಿಷಯ ಗೊತ್ತಾಗಿರುವುದೇ ಇಲ್ಲ.

ಅಂಗಡಿಗೆ ಎರಡು ದಿನದ ದಾರಿಯಲ್ಲಿ ನಿಮ್ಮ ಮಾಲು ಇರಬೇಕು. ಕಂಟೇನರ್ ವೈಟ್‌ಫೀಲ್ಡ್ ಡಿಪೋದಲ್ಲಿ ರೈಲು ಹತ್ತಿ, ಚೆನ್ನೈಗೆ ಹೋಗಿ, ಹಡಗಿಗೆ ಕಾದು, ಹೊರಟ ಮೇಲೆ ಇನ್ನೊಂದು ವಾರ ಅಂತ ಲೆಕ್ಕ ಹಾಕಿದರೆ ಹಬ್ಬದ ಆರ್ಡರ್ ಕೈಗೆ ಸಿಗುವುದಿಲ್ಲ. ಹಬ್ಬಕ್ಕೆ ಮೊದಲೇ ಮಾಲು ಅಲ್ಲಿ ಗೋದಾಮಿನಲ್ಲಿ ಕೂತಿರಬೇಕು.

ಗೋದಾಮಿನಲ್ಲಿ ಕೂರಿಸುವುದಕ್ಕೆ ಖರ್ಚೆಷ್ಟು? ಇಲ್ಲಿ ಸಿಂಗಪುರದ ಕಾನೂನು ನಿಮ್ಮ ಪರವಾಗಿದೆ. ಅಲ್ಲಿ ಆಮದು ಸುಂಕ ಇರುವುದು ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂ ಇಷ್ಟಕ್ಕೇ. ಊದುಬತ್ತಿಗೆ ಸುಂಕ ಇಲ್ಲ. ಆದರೆ ಜಿಎಸ್‌ಟಿ ಇದೆ, 2024ರ ಜನವರಿಯಿಂದ 9%. ಮಾಲು ದೇಶದೊಳಗೆ ಬಂದ ಕೂಡಲೇ ಕಟ್ಟಬೇಕು. ವರ್ಷದ ವಹಿವಾಟು 10 ಲಕ್ಷ ಸಿಂಗಪುರ ಡಾಲರ್ ದಾಟದಿದ್ದರೆ ನೀವು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅದನ್ನು ಕೇಳಿ ಖುಷಿಪಡುವವರೇ ಜಾಸ್ತಿ. ನೋಂದಣಿ ಇಲ್ಲದಿದ್ದರೆ ಕಟ್ಟಿದ 9% ವಾಪಸ್ ಬರುವುದೂ ಇಲ್ಲ, ನಿಮ್ಮ ಅಸಲಿಗೇ ಸೇರುತ್ತದೆ. ಇದಕ್ಕೆ ಎರಡು ದಾರಿ. ಬೇಕೆಂದೇ ನೋಂದಣಿ ಮಾಡಿಸಬಹುದು. ಇಲ್ಲವೇ, ಹೊರದೇಶಕ್ಕೆ ಹೋಗುವ ಮಾಲನ್ನು ಮುಕ್ತ ವ್ಯಾಪಾರ ವಲಯದಲ್ಲೋ, ಶೂನ್ಯ ಜಿಎಸ್‌ಟಿ ಗೋದಾಮಿನಲ್ಲೋ ಇಡಬಹುದು. ಅಲ್ಲಿಂದ ಹಾಗೇ ಮೆಡಾನ್‌ಗೆ ಹೋದರೆ 9% ಇಲ್ಲ. ಸಿಂಗಪುರದ ಅಂಗಡಿಗೆ ಎಷ್ಟು ಕಾರ್ಟನ್ ಬಿಡಿಸಿಕೊಳ್ಳುತ್ತೀರೋ ಅಷ್ಟಕ್ಕೆ ಮಾತ್ರ ತೆರಿಗೆ. ಕಸ್ಟಮ್ಸ್ ಪರವಾನಗಿ 1989ರಿಂದಲೂ ಟ್ರೇಡ್‌ನೆಟ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲೇ ಸಿಗುತ್ತದೆ, ಸಾಮಾನ್ಯವಾಗಿ ಒಂದು ಕಾಫಿ ಕುಡಿಯುವಷ್ಟರಲ್ಲಿ. ನಮ್ಮ ಕ್ಲಿಯರಿಂಗ್ ಏಜೆಂಟ್‌ಗಳ ಮುಂದೆ ಇದನ್ನು ಹೇಳಿದರೆ ನಗುತ್ತಾರೆ.

ಇನ್ನೊಂದು ಅನುಕೂಲ ಬಿಲ್ಲಿನದ್ದು. ಪೂರ್ತಿ ಕಂಟೇನರ್ ಕೊಳ್ಳುವ ಮಲೇಷ್ಯಾದ ದೊಡ್ಡ ಡೀಲರ್ ಸಿಕ್ಕರೆ ಮಾಲನ್ನು ಸಿಂಗಪುರಕ್ಕೆ ತರಲೇಬೇಡಿ. ಚೆನ್ನೈನಿಂದ ಸೀದಾ ಪೋರ್ಟ್ ಕ್ಲಾಂಗ್‌ಗೆ ಕಳಿಸಿ, ಬಿಲ್ ಮಾತ್ರ ಸಿಂಗಪುರ ಕಂಪನಿಯದ್ದಾಗಿರಲಿ. ಭಾರತ ಮತ್ತು ಆಸಿಯಾನ್ (ಆಗ್ನೇಯ ಏಷ್ಯಾದ ಕೂಟ) ದೇಶಗಳ ನಡುವೆ 2010ರ ಜನವರಿಯಿಂದ ಮುಕ್ತ ವ್ಯಾಪಾರ ಒಪ್ಪಂದ ಇದೆ. ಮೂರನೇ ದೇಶದ ಬಿಲ್ ಇದ್ದರೂ ಮೂಲ ದೇಶದ ಪ್ರಮಾಣಪತ್ರವನ್ನು, ಅಂದರೆ ಸುಂಕದ ರಿಯಾಯಿತಿಗೆ ಮಾಲು ಭಾರತದ್ದೇ ಅಂತ ತೋರಿಸುವ ಕಾಗದವನ್ನು, ಒಪ್ಪಬೇಕು ಅಂತ ಅದರಲ್ಲೇ ಹೇಳಿದೆ. ಅದೇ ಮಾಲು ಸಿಂಗಪುರದಲ್ಲಿ ಇಳಿದು, ಬಿಚ್ಚಿ, ಅಲ್ಲಿನ ಮಾರುಕಟ್ಟೆಗೆ ಬಿದ್ದು ಆಮೇಲೆ ಮಲೇಷ್ಯಾಕ್ಕೆ ಹೋದರೆ ಸುಂಕದ ರಿಯಾಯಿತಿ ಕೈತಪ್ಪಬಹುದು. ಯಾಕೆಂದರೆ ಮಾಲು ಸೀದಾ ಹೋಗಿರಬೇಕು ಅನ್ನುವುದು ನಿಯಮ. ಅಂದರೆ ದೊಡ್ಡ ಗಿರಾಕಿಗೆ ಮಾಲು ನೇರ, ಚಿಕ್ಕವರಿಗೆ ಸಿಂಗಪುರದ ಮೂಲಕ. ಇಬ್ಬರಿಗೂ ಬಿಲ್ ಒಂದೇ ಕಡೆಯಿಂದ.

ಆ ಪ್ರಮಾಣಪತ್ರಕ್ಕೆ ನಿಮ್ಮ ಬತ್ತಿ ಭಾರತದ್ದೇ ಅಂತ ಲೆಕ್ಕ ತೋರಿಸಬೇಕು. ಬೆಲೆಯಲ್ಲಿ ಕನಿಷ್ಠ 35% ಇಲ್ಲಿನದಾಗಿರಬೇಕು, ಜೊತೆಗೆ ಸುಂಕದ ಪಟ್ಟಿಯಲ್ಲಿ ಹೊರಗಿನಿಂದ ತಂದ ಕಚ್ಚಾ ಸಾಮಾನಿನ ಉಪಶೀರ್ಷಿಕೆ ಬೇರೆ, ಬತ್ತಿಯದು ಬೇರೆ ಆಗಿರಬೇಕು. ನಿಮ್ಮ ಬಿದಿರು ಕಡ್ಡಿ ಎಲ್ಲಿಂದ ಬರುತ್ತದೆ? 2019ರಲ್ಲಿ ಸರ್ಕಾರ ಊದುಬತ್ತಿಯ ಆಮದಿಗೆ ಕಡಿವಾಣ ಹಾಕಿ, 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು 10ರಿಂದ 25%ಗೆ ಏರಿಸಿದಾಗ ನೀವೂ ಪರದಾಡಿರುತ್ತೀರಿ. ಕಡ್ಡಿ ವಿಯೆಟ್ನಾಂನದ್ದಾಗಿದ್ದು, ಅದಕ್ಕೆ ಸರಿಯಾದ ಮೂಲ ಪತ್ರ ಇದ್ದರೆ ಈ ಲೆಕ್ಕದಲ್ಲಿ ಅದು ನಮ್ಮದೇ ಮಾಲಿದ್ದಂತೆ, ಯಾಕೆಂದರೆ ವಿಯೆಟ್ನಾಂ ಕೂಡ ಆಸಿಯಾನ್. ಚೀನಾದ್ದಾದರೆ ಹಾಗಲ್ಲ. ಕಡ್ಡಿ ಕೊಡುವವರ ಹತ್ತಿರ ಆ ಕಾಗದ ಕೇಳಿ ಇಟ್ಟುಕೊಳ್ಳಿ.

ಬಿಲ್ ಸಿಂಗಪುರದ್ದಾದರೆ ಗಿರಾಕಿಯ ಮುಖದಲ್ಲೂ ಒಂದು ಬದಲಾವಣೆ ಕಾಣುತ್ತದೆ. ಇಂಡೋನೇಷ್ಯಾದವನಿಗೆ ಮೈಸೂರು ಎಲ್ಲಿದೆ ಅಂತ ಗೊತ್ತಿಲ್ಲ, ಸಿಂಗಪುರ ಗೊತ್ತು. ಅವನ ಬ್ಯಾಂಕಿಗೂ ಗೊತ್ತು. ಜಗಳವಾದರೆ ಅಲ್ಲಿನ ಅಂತರರಾಷ್ಟ್ರೀಯ ಪಂಚಾಯಿತಿ ಕೇಂದ್ರ ಇದೆ. ಚಿಕ್ಕ ಬಿಲ್ಲಿಗೆ ಅಲ್ಲಿಗೆ ಹೋಗಿ ಪೂರೈಸುವುದಿಲ್ಲ ಬಿಡಿ. ಆದರೂ ಒಪ್ಪಂದದಲ್ಲಿ ಆ ಸಾಲು ಇದ್ದರೆ ತೊಂಬತ್ತು ದಿನದ ಉದ್ರಿ ನೂರೈವತ್ತು ದಿನಕ್ಕೆ ಎಳೆಯುವುದು ಸ್ವಲ್ಪ ಕಡಿಮೆಯಾಗುತ್ತದೆ.

ಈಗ ತೆರಿಗೆ. ಕನ್ಸಲ್ಟೆಂಟ್ ತೋರಿಸಿದ ಲೆಕ್ಕ ಹೀಗಿರುತ್ತದೆ: ಅಲ್ಲಿ ಕಂಪನಿ ತೆರಿಗೆ 17%. ಹೊಸ ಕಂಪನಿಗೆ ಮೊದಲ ಮೂರು ವರ್ಷ, ಮೊದಲ 1 ಲಕ್ಷ ಡಾಲರ್ ಲಾಭದಲ್ಲಿ ಮುಕ್ಕಾಲು ಭಾಗಕ್ಕೆ ವಿನಾಯಿತಿ. ಅಂದರೆ 1 ಲಕ್ಷ ಲಾಭಕ್ಕೆ ತೆರಿಗೆ ಬರೀ 4,250 ಡಾಲರ್. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ವಿನಾಯಿತಿ ಸಿಗಬೇಕಾದರೆ ಕನಿಷ್ಠ 10% ಪಾಲು ಒಬ್ಬ ವ್ಯಕ್ತಿಯ ಹೆಸರಿನಲ್ಲಿರಬೇಕು, ಕಂಪನಿಯ ಆಡಳಿತವೂ ಅಲ್ಲೇ ನಡೆಯಬೇಕು. ಎಲ್ಲ ನಿರ್ಧಾರವನ್ನೂ ಮೈಸೂರಿನಲ್ಲಿ ಕೂತು ತೆಗೆದುಕೊಂಡು ಅಲ್ಲಿನ ನಿವಾಸಿ ಕಂಪನಿ ಅಂದರೆ ಯಾರೂ ಒಪ್ಪುವುದಿಲ್ಲ. ಆ ಲಾಭ ಡಿವಿಡೆಂಡ್ ಆಗಿ ನಿಮ್ಮ ಕೈಗೆ ಬಂದಾಗ ಇಲ್ಲಿ ಮಾಮೂಲಿ ದರದಲ್ಲೇ ತೆರಿಗೆ. ಫರ್ಮ್‌ಗೆ ಬಂದರೆ 30%, ಮೇಲೆ ಸೆಸ್. ಉಳಿತಾಯ ಅಂದುಕೊಂಡದ್ದು ನಿಜವಾಗಿ ಮುಂದೂಡಿಕೆ ಅಷ್ಟೇ.

ಇನ್ನು ಕೆಲವರು ಒಂದು ‘ಟ್ರಿಕ್’ ಹೇಳಿಕೊಡುತ್ತಾರೆ. ಮೈಸೂರಿನಿಂದ ಸಿಂಗಪುರ ಕಂಪನಿಗೆ ಅಸಲಿಗೇ ಮಾರಿ, ಲಾಭವನ್ನೆಲ್ಲ ಅಲ್ಲಿ ಕೂರಿಸಿ ಅಂತ. ಎರಡೂ ನಿಮ್ಮವೇ ಆದ್ದರಿಂದ ಹೊರಗಿನವರಿಗೆ ಕೊಡುವ ಬೆಲೆಯಲ್ಲೇ ಕೊಡಬೇಕು. ವಹಿವಾಟು ಎಷ್ಟೇ ಚಿಕ್ಕದಿರಲಿ, ಪ್ರತಿ ವರ್ಷ ಆಡಿಟರ್ ಸಹಿ ಮಾಡಿದ ವರದಿಯನ್ನು ಆದಾಯ ತೆರಿಗೆಗೆ ಕೊಡಬೇಕು. ಹಿಂದೆ ಚೆನ್ನೈನವರಿಗೆ ಯಾವ ಬೆಲೆಗೆ ಕೊಡುತ್ತಿದ್ದಿರೋ ಆ ಬಿಲ್ಲುಗಳನ್ನು ಜೋಪಾನ ಮಾಡಿ. ನಾಳೆ ಅದೇ ನಿಮ್ಮ ಸಾಕ್ಷಿ.

ಭಾರತದ ಕಡೆಯ ನಿಯಮಗಳನ್ನು ನಿಮ್ಮ ಕನ್ಸಲ್ಟೆಂಟ್ ಹೇಳಿಯೇ ಇರುವುದಿಲ್ಲ. ಹೊರದೇಶದ ಹೂಡಿಕೆಗೆ 2022ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂದಿದೆ. ಅದರ ಪ್ರಕಾರ ನೋಂದಾಯಿತ ಪಾರ್ಟ್‌ನರ್‌ಶಿಪ್ ಫರ್ಮ್ ಹೊರದೇಶದಲ್ಲಿ ಕಂಪನಿ ಮಾಡಬಹುದು. ಫರ್ಮ್‌ನ ಸ್ವಂತ ಬಂಡವಾಳದ ನಾಲ್ಕು ಪಟ್ಟಿನವರೆಗೆ ಮುಂಗಡ ಅನುಮತಿ ಬೇಕಿಲ್ಲ. ಅದು ದೊಡ್ಡ ಮೊತ್ತ, ನಿಮಗೆ ಅಷ್ಟು ಬೇಡ. ಆದರೆ ಒಂದು ರೂಪಾಯಿ ಕಳಿಸುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ಫಾರಂ ಎಫ್‌ಸಿ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಮೊದಲು ಕಂಪನಿ ಮಾಡಿಬಿಟ್ಟು, ಕಾರ್ಡಿನಲ್ಲಿ ಡಾಲರ್ ಕಟ್ಟಿ, ಆಮೇಲೆ ಆಡಿಟರ್ ಹತ್ತಿರ ಓಡಿಬರುವವರೇ ಜಾಸ್ತಿ. ಆಗ ತಡದ ದಂಡ ಕಟ್ಟಿ ಸರಿಮಾಡಿಸಿಕೊಳ್ಳುವ ಪಾಡು.

ಇಲ್ಲೊಂದು ಗುಂಡಿ ಇದೆ, ಎಷ್ಟೋ ಆಡಿಟರ್‌ಗಳೂ ಬಿದ್ದಿದ್ದಾರೆ. ಸಿಂಗಪುರದಲ್ಲಿ ಚಿಕ್ಕ ಕಂಪನಿಗೆ ಆಡಿಟ್ ಕಡ್ಡಾಯ ಅಲ್ಲ. ಆದರೆ ಕಂಪನಿಯ ಹಿಡಿತ ನಿಮ್ಮದೇ ಆಗಿದ್ದರೆ, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ರಿಸರ್ವ್ ಬ್ಯಾಂಕಿಗೆ ಕೊಡುವ ವರದಿಗೆ ಆಡಿಟ್ ಆದ ಲೆಕ್ಕವೇ ಬೇಕು. ಅಲ್ಲಿ ಬೇಡ ಅಂದದ್ದನ್ನು ಇಲ್ಲಿಗಾಗಿ ಅಲ್ಲಿ ಮಾಡಿಸಬೇಕು. ಆ ಆಡಿಟ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಜೊತೆಗೆ ಅಲ್ಲೇ ವಾಸ ಇರುವ ಒಬ್ಬ ನಿರ್ದೇಶಕ, ಒಬ್ಬ ಕಂಪನಿ ಸೆಕ್ರೆಟರಿ, ಒಂದು ವಿಳಾಸ ಇರಲೇಬೇಕು. ಇವನ್ನು ಒದಗಿಸುವ ಸಂಸ್ಥೆಗಳಿವೆ. ಬಾಡಿಗೆ ನಿರ್ದೇಶಕರನ್ನು ಇಂಥ ನೋಂದಾಯಿತ ಸಂಸ್ಥೆಗಳೇ ಯೋಗ್ಯತೆ ನೋಡಿ ಕೊಡಬೇಕು ಅಂತ 2025ರ ಜೂನ್‌ನಿಂದ ಕಾನೂನು ಬಿಗಿಯಾಗಿದೆ. ಎಲ್ಲ ಸೇರಿ ವರ್ಷಕ್ಕೆ ಕೆಲವು ಸಾವಿರ ಡಾಲರ್ ಖರ್ಚು ಖಂಡಿತ, ವ್ಯಾಪಾರ ಆಗಲಿ ಬಿಡಲಿ.

ಬ್ಯಾಂಕಿನ ವಿಷಯದಲ್ಲಿ ನನ್ನ ಕೈ ಒಮ್ಮೆ ಸುಟ್ಟಿದೆ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರಿಗೆ ಅಲ್ಲಿ ಕಂಪನಿ ಮಾಡಿಸಿಕೊಟ್ಟೆ. ಸ್ಟೀಲ್ ಪಾತ್ರೆಯ ವ್ಯಾಪಾರ. ನೋಂದಣಿ ಒಂದು ದಿನ, ಬ್ಯಾಂಕ್ ಖಾತೆ ಎರಡು ತಿಂಗಳು. ಸರಿ, ಆಯಿತು ಅಂತ ನಿಟ್ಟುಸಿರು ಬಿಟ್ಟೆವು. ಆರು ತಿಂಗಳಾದ ಮೇಲೆ ಬ್ಯಾಂಕಿನಿಂದ ಪತ್ರ ಬಂತು: ಮೂವತ್ತು ದಿನದಲ್ಲಿ ಖಾತೆ ಮುಚ್ಚುತ್ತೇವೆ. ಕಾರಣ ಕೇಳಿದರೆ ಫೋನಿನಲ್ಲಿದ್ದ ಹುಡುಗಿ ತಿರುಗಿ ನಮ್ಮನ್ನೇ ಕೇಳಿದಳು: ‘ಸಿಂಗಪುರದಲ್ಲಿ ನಿಮ್ಮದೇನಿದೆ?’ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗೋದಾಮಿಲ್ಲ, ಅಲ್ಲಿನ ಗಿರಾಕಿ ಇಲ್ಲ, ಬಾಡಿಗೆ ವಿಳಾಸ ಒಂದೇ. ಹಣ ಒಂದು ದೇಶದಿಂದ ಬರುತ್ತಿತ್ತು, ಇನ್ನೊಂದಕ್ಕೆ ಹೋಗುತ್ತಿತ್ತು. ಬ್ಯಾಂಕಿನವರ ಕಣ್ಣಿಗೆ ನಾವು ಕಪ್ಪು ಹಣದವರ ಹಾಗೆ ಕಂಡಿರಬೇಕು. ಬರಬೇಕಿದ್ದ ಒಂದು ಪಾವತಿ ವಾಪಸ್ ಹೋಗಿ, ಅದನ್ನು ಮತ್ತೆ ತರಿಸುವಷ್ಟರಲ್ಲಿ ಆ ಗಿರಾಕಿಯೂ ಬೇಸತ್ತ. ತಪ್ಪು ನನ್ನದೇ. ಅವರಿಗೆ ಮೊದಲು ಗೋದಾಮು ಮಾಡಿಸಬೇಕಿತ್ತು, ನಾನು ಮೊದಲು ಕಂಪನಿ ಮಾಡಿಸಿದೆ.

ಇನ್ನು ಅಣ್ಣನ ಮಗಳ ವಿಷಯ. ಹುಡುಗಿಗೆ ಉತ್ಸಾಹ ಇದೆ, ಒಳ್ಳೆಯದು. ಆದರೆ ಅಲ್ಲಿ ಕೆಲಸದ ಪರವಾನಗಿಗೆ 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ 5,600 ಡಾಲರ್ ಸಂಬಳ ತೋರಿಸಬೇಕು. ವಯಸ್ಸು ಜಾಸ್ತಿಯಾದಂತೆ ಇದೂ ಏರುತ್ತದೆ. ಅದರ ಮೇಲೆ ಅಂಕ ಕೊಡುವ ಪದ್ಧತಿ, 40 ಅಂಕ ಬರಬೇಕು. ಚಿಕ್ಕ ಕಂಪನಿಗೆ 20 ಅಂಕ ತಾನಾಗಿ ಸಿಗುತ್ತದೆ, ಉಳಿದದ್ದು ಸಂಬಳ ಮತ್ತು ಓದಿನಿಂದ. ಸಂಬಳದ ಲೆಕ್ಕವೇ ನೋಡಿ. ವರ್ಷಕ್ಕೆ 67,200 ಡಾಲರ್. ಡಾಲರ್‌ಗೆ 65 ರೂಪಾಯಿ ಹಿಡಿದರೂ 43 ಲಕ್ಷ ದಾಟುತ್ತದೆ. ಊದುಬತ್ತಿಯ ಮಾರ್ಜಿನ್‌ನಲ್ಲಿ ಇದನ್ನು ಹೊರಲು ಎಷ್ಟು ಕಂಟೇನರ್ ಹೋಗಬೇಕು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸದ್ಯಕ್ಕೆ ಆಕೆ ಎರಡು ತಿಂಗಳಿಗೊಮ್ಮೆ ಹೋಗಿಬರಲಿ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನ. ಆದರೆ ಅಂಗಡಿಯವರನ್ನು ಕಂಡು ಮಾತಾಡುವುದಷ್ಟೇ ಆಕೆಯ ಕೆಲಸ. ಭೇಟಿಯ ವೀಸಾದಲ್ಲಿ ಕೂತು ಅಂಗಡಿ ನಡೆಸುವ ಹಾಗಿಲ್ಲ.

ದುಬೈ ಯಾಕಲ್ಲ, ಹಾಂಗ್‌ಕಾಂಗ್ ಯಾಕಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮ್ಮ ಮಾಲು ಕೊಲ್ಲಿ ದೇಶ ಮತ್ತು ಆಫ್ರಿಕಾಕ್ಕೆ ಹೋಗುವುದಾದರೆ ದುಬೈಯೇ ಸರಿ. ಚೀನಾದಿಂದ ಮಾಲು ತರಿಸಿ ಮಾರುವವರಿಗೆ ಹಾಂಗ್‌ಕಾಂಗ್. ನಿಮ್ಮ ಗಿರಾಕಿಗಳೆಲ್ಲ ಮಲಕ್ಕಾ ಜಲಸಂಧಿಯ ಆಚೀಚೆ ಇದ್ದಾರೆ. ಇದನ್ನು ಓದುತ್ತಿರುವ ಕಾಫಿ ಪುಡಿ, ಸಾಂಬಾರ್ ಪುಡಿಯವರಿಗೂ ಒಂದು ಮಾತು: ತಿನ್ನುವ ವಸ್ತುವಿಗೆ ಸಿಂಗಪುರದ ಆಹಾರ ಸಂಸ್ಥೆಯಲ್ಲಿ ಆಮದುದಾರ ನೋಂದಣಿ ಆಗಿರಬೇಕು, ಊದುಬತ್ತಿಯಷ್ಟು ಸಲೀಸಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಕಂಪನಿ ಮಾಡುತ್ತಿರಲಿಲ್ಲ. ನಿಮ್ಮ ಫರ್ಮ್ ಹೆಸರಿನಲ್ಲಿ ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್ ಸಂಖ್ಯೆ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸುತ್ತಿದ್ದೆ, 500 ರೂಪಾಯಿಯ ಕೆಲಸ. ಆಮೇಲೆ ಬ್ರ್ಯಾಂಡ್ ಹೆಸರು. ನನಗೆ ಗೊತ್ತಿರುವ ಒಬ್ಬರ ಬ್ರ್ಯಾಂಡನ್ನು ಹೊರದೇಶದ ಅವರ ಡೀಲರೇ ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿದ್ದ. ಅಪ್ಪ ಇಟ್ಟ ಹೆಸರಿಗೆ ಇವರೇ ಬಾಡಿಗೆ ಕೊಡುವ ಸ್ಥಿತಿ ಬಂತು. ಟ್ರೇಡ್‌ಮಾರ್ಕ್ ನೋಂದಣಿಗೆ ಮ್ಯಾಡ್ರಿಡ್ ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇದೆ, ಭಾರತ 2013ರಿಂದ ಅದರಲ್ಲಿದೆ. ಇಲ್ಲಿಂದಲೇ ಒಂದು ಅರ್ಜಿಯಲ್ಲಿ ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ ಮೂರನ್ನೂ ಕೇಳಬಹುದು. ಕಂಪನಿಗಿಂತ ಮೊದಲು ಇದು ಆಗಲಿ.

ಅದಾದ ಮೇಲೆ ದೀಪಾವಳಿಗೆ ಮೂರು ತಿಂಗಳು ಮೊದಲು ಒಂದು ಕಂಟೇನರ್ ಕಳಿಸಿ. ಆಮದುದಾರ ಅಲ್ಲಿನ ಒಬ್ಬ ವ್ಯಾಪಾರಿಯೇ ಆಗಿರಲಿ, ಗೋದಾಮು ಬೇರೆಯವರದ್ದಿರಲಿ, ತಿಂಗಳ ಬಾಡಿಗೆ ಕೊಡಿ. ಚೆನ್ನೈನವರ ಜೊತೆ ಜಗಳ ಮಾಡಿಕೊಳ್ಳಬೇಡಿ. ಅವರಿಗೆ ಕೊಡುವ ಬ್ರ್ಯಾಂಡ್ ಅವರಿಗೇ ಇರಲಿ, ನೀವು ಬೇರೆ ಹೆಸರಿನ, ಸ್ವಲ್ಪ ಮೇಲಿನ ದರ್ಜೆಯ ಮಸಾಲಾ ಬತ್ತಿ ಕಳಿಸಿ. ಯಾವ ಊರಿನಿಂದ ಎಷ್ಟು ಕಾರ್ಟನ್ ಕೇಳಿದರು, ಎರಡನೇ ಸಲ ಯಾರು ಕೇಳಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಅಣ್ಣನ ಮಗಳಿಗೆ ಹೇಳಿ. ಕಂಟೇನರ್ ನಾಲ್ಕು ತಿಂಗಳಲ್ಲಿ ಖಾಲಿಯಾಗಿ, ಸಿಂಗಪುರ ಬಿಟ್ಟು ಇನ್ನೂ ಎರಡು ದೇಶದವರು ತಿರುಗಿ ಆರ್ಡರ್ ಕೊಟ್ಟಿದ್ದರೆ, ಆಗ ಕಂಪನಿ ಮಾಡಿ. ಬ್ಯಾಂಕಿನವರು ‘ಇಲ್ಲಿ ನಿಮ್ಮದೇನಿದೆ’ ಅಂತ ಕೇಳಿದಾಗ ಗೋದಾಮಿನ ರಸೀದಿ, ಬಿಲ್ಲು ಎರಡೂ ಕೈಯಲ್ಲಿರುತ್ತವೆ.

ಅಂದ ಹಾಗೆ, ನಿಮ್ಮ ಪಾರ್ಟ್‌ನರ್‌ಶಿಪ್ ಡೀಡ್ ಬರೀ ಸ್ಟ್ಯಾಂಪ್ ಪೇಪರಿನಲ್ಲಿದೆಯೋ, ಫರ್ಮ್‌ಗಳ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯೋ? ಅಪ್ಪನ ಕಾಲದ ಫರ್ಮ್‌ಗಳಲ್ಲಿ ಎಷ್ಟೋ ಆಗಿರುವುದಿಲ್ಲ. ಆಗಿಲ್ಲದಿದ್ದರೆ ಹೊರದೇಶದಲ್ಲಿ ಕಂಪನಿ ಮಾಡುವ ಅವಕಾಶ ಫರ್ಮ್‌ಗೆ ಸಿಗುವುದಿಲ್ಲ. ಆಡಿಟರ್‌ಗೆ ನಾಳೆಯೇ ಫೋನ್ ಮಾಡಿ ಕೇಳಿ.